ಡೀಸೆಲ್ ಟ್ಯಾಂಕಿಗೆ ನಾನು ಹಾಕಿದ ಬೀಗ

ಥಾಣೆ ದಾಟಿ ಸ್ವಲ್ಪ ಮುಂದೆ ಹೋಗಿದ್ದೆವು ಅಷ್ಟೇ, ಗಾಡಿ ಎರಡು ಸಲ ಕೆಮ್ಮಿ ರಸ್ತೆ ಮಧ್ಯದಲ್ಲೇ ನಿಂತುಬಿಟ್ಟಿತು.

ನನ್ನ ತಲೆಗೆ ಮೊದಲು ಬಂದದ್ದು ಒಂದೇ ಯೋಚನೆ. ಯಾರೋ ಡೀಸೆಲ್ ಕದ್ದಿದ್ದಾರೆ.

ಮೀಟರ್ ಅರ್ಧ ಟ್ಯಾಂಕ್ ತೋರಿಸುತ್ತಿತ್ತು. ಹಳೆಯ ಗಾಡಿಯ ಮೀಟರನ್ನು ಯಾರು ನಂಬುತ್ತಾರೆ? ಕೆಳಗಿಳಿದೆ, ಮುಚ್ಚಳದ ಬೀಗ ತೆಗೆದೆ, ಟ್ಯಾಂಕಿಗೆ ಕೋಲು ಇಳಿಸಿ ನೋಡಿದೆ. ಡೀಸೆಲ್ ಇತ್ತು. ವಾಪಸ್ ಬಂದು ನಾಲ್ಕಾರು ಸಲ ಸೆಲ್ಫ್ ಹೊಡೆದೆ, ಏನೂ ಆಗಿಯೇ ಇಲ್ಲ ಎನ್ನುವಂತೆ ಸ್ಟಾರ್ಟ್ ಆಯಿತು.

ಇದು ಮಲಗಲು ಜಾಗ, ಸಣ್ಣ ಅಡುಗೆಕಟ್ಟೆ, ಟಾಯ್ಲೆಟ್ ಎಲ್ಲ ಇರುವ ಸೆಕೆಂಡ್ ಹ್ಯಾಂಡ್ ಮೋಟರ್‌ಹೋಮ್. ಶೋಕಿಗೆ ಕೊಂಡದ್ದಲ್ಲ.

ನನ್ನ ಅತ್ತೆಗೆ ಗಳಿಗೆಗೊಮ್ಮೆ ಬಾತ್‌ರೂಮಿಗೆ ಹೋಗಬೇಕು. ಆ ಸಂಕೋಚಕ್ಕೆ ಟ್ರೈನು, ಬಸ್ಸು ಎಲ್ಲ ಬಿಟ್ಟು ವಿಕ್ರೋಳಿಯ ನಮ್ಮ ಫ್ಲ್ಯಾಟಿನಲ್ಲೇ ಕೂತುಬಿಟ್ಟಿದ್ದರು. ಉಡುಪಿಯಲ್ಲಿ ಅವರ ತಂಗಿ ಹಾಸಿಗೆ ಹಿಡಿದಿದ್ದರು. ಹೆಚ್ಚು ದಿನ ಇಲ್ಲ ಎಂದು ಡಾಕ್ಟರ್ ಹೇಳಿಯಾಗಿತ್ತು.

ಅತ್ತೆಗೆ ವಿಡಿಯೋ ಕಾಲ್ ಮಾಡಿ ಮಾಡಿ ಸಾಕಾಗಿತ್ತು. ಒಮ್ಮೆ ತಂಗಿಯ ಕೈ ಹಿಡಿದು ಕೂರಬೇಕು, ಅಷ್ಟೇ.

ಗಂಡನಿಗೆ ಸ್ಕೂಟರ್ ಬಿಟ್ಟರೆ ಬೇರೆ ಓಡಿಸಲು ಬಾರದು. ಹಾಗಾಗಿ ಗಾಡಿ, ಅದರ ಕಾಯಿಲೆ, ಎರಡೂ ನನ್ನ ತಲೆಗೇ ಬಂದವು.

ಧಾರಾವಿಯ ಮೆಕ್ಯಾನಿಕ್ ದಸ್ತಗೀರ್ ಭಾಯ್ ಹತ್ತಿರ ಒಯ್ದೆ. ವಿಜಯಪುರದ ಕಡೆಯವರು, ನಮ್ಮ ಹಳೆಯ ಕಾರನ್ನೂ ಅವರೇ ನೋಡುತ್ತಿದ್ದರು. ಗಾಡಿ ಬಿಡುವ ಮುಂಚೆ ಅವರ ಎದುರಿಗೇ ಡೀಸೆಲ್ ಅಳೆದೆ. ವಾಪಸ್ ತರುವಾಗಲೂ ಅಳೆದೆ. ನಾನು ಹಾಗೆಯೇ... ಮೀನಿನವಳು ತಾಜಾ ಎಂದರೂ ಕಿವಿರು ಎತ್ತಿ ನೋಡದೆ ಕೊಳ್ಳುವವಳಲ್ಲ.

ಅವರು ಡೀಸೆಲ್ ಫಿಲ್ಟರ್ ಬದಲಾಯಿಸಿದರು, ತಳದಲ್ಲಿ ಸೇರಿದ್ದ ನೀರು ಬಸಿದರು, ಪೈಪಿನೊಳಗಿನ ಗಾಳಿ ತೆಗೆದರು. ಗ್ಯಾರೇಜಿನ ಸುತ್ತ ಒಂದು ರೌಂಡ್ ಹೊಡೆದು, "ಈಗ ಬಿಂದಾಸ್ ಹೋಗ್ರಿ ಅಕ್ಕಾರ" ಎಂದರು.

ಮರುದಿನ ಐರೋಲಿ ಸೇತುವೆಯ ಮೇಲೆ ಮತ್ತೆ ನಿಂತಿತು.

ಇಳಿದೆ, ಬೀಗ ತೆಗೆದೆ, ಡೀಸೆಲ್ ಇದೆ. ಸೆಲ್ಫ್ ಹೊಡೆದೆ, ಸ್ಟಾರ್ಟ್.

ಮತ್ತೆ ಧಾರಾವಿ. ಅಲ್ಲಿ ಮಾತ್ರ ಒಮ್ಮೆಯೂ ನಿಲ್ಲುವುದಿಲ್ಲ. ಅಲ್ಲೇ ನನ್ನ ಸಂಶಯ ಗಟ್ಟಿಯಾಯಿತು. ಇವರೇ ಏನೋ ಸಡಿಲ ಬಿಟ್ಟು ಕಳಿಸುತ್ತಿದ್ದಾರೆ, ನಾನು ಮತ್ತೆ ಮತ್ತೆ ಬರಲಿ ಅಂತ.

ಅವರಿಗೂ ತಲೆ ಕೆಟ್ಟಿತ್ತು. "ಡೀಸೆಲ್ ಎಲ್ಲಿ ಹಾಕಸ್ತೀರಿ? ಕಡಿಮಿಗೆ ಸಿಗ್ತದಂತ ಎಲ್ಲ್ಯರ ಹಾಕ್ಸೀರೇನು?" ಎಂದು ಕೇಳಿದರು.

ತಪ್ಪು ನನ್ನ ತಲೆಗೇ ಕಟ್ಟುತ್ತಿದ್ದಾರೆ ಎಂದು ಮೈಯೆಲ್ಲ ಉರಿಯಿತು. ಫಿಲ್ಟರ್ ನಿಜವಾಗಿ ಬದಲಾಯಿಸಿದ್ದರೆ ಹಳೆಯದು ತೋರಿಸಿ ಎಂದೆ. ಗ್ಯಾರೇಜಿನಲ್ಲಿ ಬೇರೆ ಗಿರಾಕಿಗಳೂ ಇದ್ದರು.

ದಸ್ತಗೀರ್ ಭಾಯ್ ಮೂಲೆಯ ಡಬ್ಬದಲ್ಲಿ ಹುಡುಕಿ ಹಳೆಯ ಫಿಲ್ಟರ್ ತಂದು ನನ್ನ ಮುಂದಿಟ್ಟರು. ಇದು ನಮ್ಮ ಗಾಡಿಯದೇ ಅಂತ ಏನು ಗ್ಯಾರಂಟಿ ಎಂದು ನಾನು ಅದಕ್ಕೂ ಕೇಳಿದೆ.

ಆ ವಾರವೇ ಉಡುಪಿಯಿಂದ ಫೋನ್ ಬಂತು. ತಂಗಿ ಊಟ ಬಿಟ್ಟಿದ್ದಾರೆ. ಅತ್ತೆ ಅಳಲಿಲ್ಲ, ಬ್ಯಾಗಿಗೆ ಸೀರೆ ತುಂಬತೊಡಗಿದರು. ನಿಂತರೆ ನಿಲ್ಲಲಿ ಎಂದು ನಾವು ಮೂವರೂ ಹೊರಟುಬಿಟ್ಟೆವು.

ಪನ್ವೇಲ್ ಹತ್ತಿರ ನಿಂತಿತು.

ಮತ್ತೆ ಬೀಗ ತೆಗೆದು ಮುಚ್ಚಳ ತಿರುಗಿಸಿದೆ. ಅತ್ತೆ ಮಲಗಿದ್ದು ಟ್ಯಾಂಕಿನ ಮೇಲಿನ ಸೀಟಿನಲ್ಲಿ. ಕಿಟಕಿಯಿಂದ ಬಗ್ಗಿ, "ಎಂತದು ಮಾರಾಯ್ತಿ ಅದು ಉಸ್ಸ್ ಅಂತ? ಮೊನ್ನೆ ಥಾಣೆಯಲ್ಲಿಯೂ ನೀನು ಮುಚ್ಚಳ ತೆಗೆವಾಗ ಹಾಗೇ ಕೇಳಿತು" ಎಂದರು.

ನಾನು ಕೈಯಲ್ಲಿದ್ದ ಮುಚ್ಚಳವನ್ನೇ ನೋಡುತ್ತಾ ನಿಂತೆ.

ಟ್ಯಾಂಕಿನಿಂದ ಡೀಸೆಲ್ ಹೋದಷ್ಟೂ ಒಳಗೆ ಗಾಳಿ ಬರಬೇಕು. ಗಾಡಿಯ ಜೊತೆ ಬಂದಿದ್ದ ಮುಚ್ಚಳದಲ್ಲಿ ಅದಕ್ಕೆಂದೇ ಸಣ್ಣ ತೂತಿತ್ತು. ಬಿಲ್ಡಿಂಗಿನ ಕಾಂಪೌಂಡಿನಲ್ಲಿ ಯಾರಾದರೂ ಡೀಸೆಲ್ ಎಳೆದಾರು ಎಂದು ಅದನ್ನು ತೆಗೆದು, ರಬ್ಬರ್ ವಾಶರ್ ಇರುವ ಬೀಗದ ಮುಚ್ಚಳ ಹಾಕಿದವಳು ನಾನು. ಇದರಲ್ಲಿ ತೂತೇ ಇರಲಿಲ್ಲ.

ಸ್ವಲ್ಪ ದೂರ ಓಡಿದರೆ ಇಂಜಿನ್ನಿಗೆ ಡೀಸೆಲ್ ಎಳೆದುಕೊಳ್ಳಲು ಆಗುತ್ತಿರಲಿಲ್ಲ. ಕಳ್ಳತನ ಆಯಿತೇ ಎಂದು ನಾನು ಮುಚ್ಚಳ ತೆಗೆದಾಗೆಲ್ಲ ಉಸ್ಸೆಂದು ಗಾಳಿ ನುಗ್ಗಿ ಸರಿಯಾಗುತ್ತಿತ್ತು. ಗ್ಯಾರೇಜಿನಲ್ಲಿ ಮೊದಲು ನಾನೇ ತೆಗೆದು ಅಳೆಯುತ್ತಿದ್ದೆನಲ್ಲ... ಪಾಪ, ಅವರಿಗೆ ಕಾಯಿಲೆ ಕಾಣುವುದಾದರೂ ಹೇಗೆ?

ಮುಚ್ಚಳ ಬಿಟ್ಟು, ಟ್ಯಾಂಕಿನ ಬಾಯಿಗೆ ಬಟ್ಟೆ ಸಡಿಲವಾಗಿ ಸುತ್ತಿ ಹೊರಟೆವು. ಕೊಲ್ಹಾಪುರದಲ್ಲಿ ತೂತಿರುವ ಬೇರೆ ಮುಚ್ಚಳ ಸಿಕ್ಕಿತು. ಉಡುಪಿಯವರೆಗೆ ಗಾಡಿ ಎಲ್ಲೂ ನಿಲ್ಲಲಿಲ್ಲ.

ಅತ್ತೆ ತಂಗಿಯ ಪಕ್ಕದಲ್ಲಿ ಕೂತು ಗಂಜಿ ತಿನ್ನಿಸಿದರು. ಮೂರು ಚಮಚ ಇಳಿಯಿತು. ಅಕ್ಕತಂಗಿಯರು ಏನು ಮಾತಾಡಿಕೊಂಡರೋ, ನಾವು ಹೊರಗೆ ಬಂದುಬಿಟ್ಟೆವು.

ಮುಂಬೈಗೆ ಬಂದವಳೇ ಧಾರಾವಿಗೆ ಹೋಗಿ, ಗಿರಾಕಿಗಳ ಎದುರಿಗೇ ಕ್ಷಮೆ ಕೇಳಿದೆ. ದಸ್ತಗೀರ್ ಭಾಯ್ ನಕ್ಕರು. "ಆಗ್ಲಿ ಬಿಡ್ರಿ ಅಕ್ಕಾರ, ಅತ್ತಿಯಾರು ಊರು ಮುಟ್ಟಿದ್ರಲ್ಲ, ಸಾಕು" ಎಂದರು. ಚಹಾ ತರಿಸಿದರು. ಮುಗಿಯಿತು ಅಂದುಕೊಂಡೆ.

ಮುಗಿದಿಲ್ಲ. ಈಗ ನಮ್ಮ ಗಾಡಿ ಗ್ಯಾರೇಜಿಗೆ ಹೋದರೆ ಅವರು ಪಕ್ಕದಲ್ಲಿ ಫೋನ್ ನಿಲ್ಲಿಸಿ ಮೊದಲಿನಿಂದ ಕೊನೆಯವರೆಗೆ ವಿಡಿಯೋ ಮಾಡುತ್ತಾರೆ. ಬಿಚ್ಚಿದ ಒಂದೊಂದು ನಟ್ಟನ್ನೂ ಕ್ಯಾಮೆರಾಗೆ ಹಿಡಿದು ತೋರಿಸಿ ನನಗೆ ಕಳಿಸುತ್ತಾರೆ. ಬೇರೆ ಗಿರಾಕಿಗಳಿಗೆ ಕಳಿಸುವುದಿಲ್ಲ, ಕೇಳಿ ನೋಡಿದ್ದೇನೆ.

ಬೇಡ ಎಂದು ಎಷ್ಟು ಸಲ ಹೇಳಿದರೂ, "ಇರ್ಲಿ ಅಕ್ಕಾರ" ಅನ್ನುತ್ತಾರೆ.

ಆ ವಿಡಿಯೋ ಬರುವುದು ನಿಲ್ಲಬೇಕಾದರೆ ನಾನು ಇನ್ನೇನು ಮಾಡಬೇಕು, ಯಾರಾದರೂ ಹೇಳುತ್ತೀರಾ?