ಹೆಪ್ಪು ಹಾಕಿದ ಮರ

ನಂಜುಂಡಯ್ಯನವರು ಯಾವ ವಸ್ತುವನ್ನೂ ಬೆರಳ ಗೆಣ್ಣಿನಿಂದ ಕುಟ್ಟಿ ನೋಡದೆ ನಂಬಿದವರಲ್ಲ. ತೆಂಗಿನಕಾಯಿ, ಕಲ್ಲಂಗಡಿ ಸರಿಯೇ, ಅವು ಕುಟ್ಟಿಸಿಕೊಳ್ಳಲೆಂದೇ ಹುಟ್ಟಿದವು. ಇವರು ನಮ್ಮ ಡೈನಿಂಗ್ ಟೇಬಲ್ ಕುಟ್ಟುತ್ತಿದ್ದರು, ಹೊಸ ಕಾರಿನ ಬಾಗಿಲು ಕುಟ್ಟುತ್ತಿದ್ದರು, ಮನೆ ಕೊಳ್ಳುವವರ ಜೊತೆ ಹೋಗಿ ಗೋಡೆ ಕುಟ್ಟಿ, "ಒಳಗೇನೂ ಇಲ್ಲ, ಬರೀ ರಟ್ಟು" ಎಂದು ಏಜೆಂಟನ ಎದುರಿಗೇ ಹೇಳುತ್ತಿದ್ದರು. ನಮ್ಮ ಮನೆಗೆ ಬಂದರೆ ಬೆಲ್ ಒತ್ತುತ್ತಿರಲಿಲ್ಲ. ಎರಡು ಸಲ ಟಕ್ ಟಕ್. ಆಮೇಲೆ ಕಿವಿ ಕೊಟ್ಟು ನಿಂತಿರುತ್ತಿದ್ದರು, ಬಾಗಿಲಿಗೇ ಏನೋ ಹೇಳುವುದಿದೆ ಎಂಬಂತೆ.

ಮೈಸೂರಿನವರು. ಕಡಲಾಚೆಯ ಈ ಪಸಡೀನಾದಲ್ಲಿ ನಮ್ಮ ಬೀದಿಯ ತುದಿಯ, ನಮ್ಮ ಬೇಲಿಗೆ ಅಂಟಿದ ಮನೆ ಅವರದು. ಎಂಜಿನಿಯರ್ ಕೆಲಸದಿಂದ ರಿಟೈರ್ ಆದ ವಾರವೇ ಗ್ಯಾರೇಜಿನಿಂದ ಕಾರನ್ನು ಹೊರದಬ್ಬಿ, ಮರ ಕಡೆಯುವ ಲೇತ್ ಯಂತ್ರ ತಂದಿಟ್ಟುಕೊಂಡರು. "ಕಾರು ಬಿಸಿಲಲ್ಲಿ, ಕಟ್ಟಿಗೆ ನೆರಳಲ್ಲಿ. ನಮ್ಮನೆ ನ್ಯಾಯ ನೋಡಿ" ಎಂದು ಅವರ ಹೆಂಡತಿ ಸರಸಮ್ಮ ನಗುತ್ತಿದ್ದರು. ಯಾರ ಮನೆಯಲ್ಲಿ ಗೃಹಪ್ರವೇಶವಾದರೂ ನಂಜುಂಡಯ್ಯನವರು ಕಡೆದ ಒಂದು ಬಟ್ಟಲು ಹೋಗಲೇಬೇಕು.

ಒಂದು ವರ್ಷ ಯಾರದೋ ಹಳೆಯ ಬಂಗಲೆಯ ಹಿತ್ತಲಲ್ಲಿ ಒಣಗಿ ನಿಂತ ಬೀಚ್ ಮರವನ್ನು ಕಡಿಸಿದರು. ಬೀಚ್ ಎಂದರೆ ಕಡಲ ದಡವಲ್ಲ, ತಣ್ಣಗಿನ ಸೀಮೆಯ ಒಂದು ಮರ. ನಮ್ಮ ಈ ಬಿಸಿಲೂರಿನಲ್ಲಿ ಅಪರೂಪ. ಸುದ್ದಿ ಸಿಕ್ಕಿದ್ದೇ ನಂಜುಂಡಯ್ಯನವರು ನನ್ನನ್ನೂ ನನ್ನ ವ್ಯಾನನ್ನೂ ಎಳೆದುಕೊಂಡು ಹೋಗಿ ತುಂಡುಗಳನ್ನು ಹೇರಿಸಿದರು. ಕತ್ತರಿಸಿದ ಮೈ ನೋಡಿದರೆ ಬೆಳ್ಳಗೆ, ಒಂದು ಗೆರೆಯಿಲ್ಲ, ಬಣ್ಣವಿಲ್ಲ.

"ಇಷ್ಟು ಸಪ್ಪೆ ಮರ ಏನ್ ಮಾಡ್ತೀರಿ ಸಾರ್?" ಎಂದೆ.

"ಅನ್ನ ಇದ್ದ ಹಾಗೆ ಕಣಪ್ಪ, ಮುಖಾನೇ ಇಲ್ಲ. ಕೊಳೆಯೋಕೆ ಬಿಟ್ರೆ ಮುಖ ಬರತ್ತೆ."

ದೊಡ್ಡ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಒದ್ದೆ ತರಗೆಲೆ ತುಂಬಿ, ಅದರಲ್ಲಿ ತುಂಡುಗಳನ್ನು ನಿಲ್ಲಿಸಿದರು. ಮೇಲೆ ಎಲ್ಲಿಂದಲೋ ತಂದ, ಬೂಷ್ಟು ಹಿಡಿದ ಹಳೆಯ ಕೊರಡಿನ ಚೂರುಗಳನ್ನು ಇಟ್ಟರು. ಅದಕ್ಕೆ ಅವರ ಹೆಸರು ಹೆಪ್ಪು. ಹಾಲಿಗೆ ಹಾಕುವ ಹೆಪ್ಪೇ. ಮುಚ್ಚಳವನ್ನು ಬಿಗಿ ಮಾಡದೆ ಸಡಿಲ ಬಿಟ್ಟರು. "ಅದೂ ಉಸಿರಾಡಬೇಕು. ಒಂದು ಜಾತಿ ಬೂಷ್ಟು ಈ ಕಡೆಯಿಂದ ತಿನ್ಕೊಂಡು ಬರತ್ತೆ, ಇನ್ನೊಂದು ಆ ಕಡೆಯಿಂದ. ಎದುರುಬದುರಾದ ಕಡೆ ಎರಡೂ ಗೋಡೆ ಎತ್ತತ್ವೆ, ಅಣ್ಣ ತಮ್ಮ ಹಿಸೆ ಆದ ಹಾಗೆ. ಆ ಗೋಡೆನೇ ಕಪ್ಪು ಗೆರೆ. ಪೆನ್ನಲ್ಲಿ ಬರೆದ ಹಾಗಿರತ್ತೆ. ಬೇಗ ತೆಗೆದ್ರೆ ಗೆರೆ ಇಲ್ಲ, ತಡ ಮಾಡಿದ್ರೆ ಮರ ಇಲ್ಲ. ಮಧ್ಯ ಇರೋದು ಹದ. ಅದನ್ನ ಕಣ್ಣು ಹೇಳಲ್ಲ, ಗೆಣ್ಣು ಹೇಳತ್ತೆ."

ಮರ ಡ್ರಮ್ಮಿಗೆ ಹೋದ ಮೇಲೆ, ಎರಡು ಸಾವಿರದ ಇಪ್ಪತ್ತರ ವಸಂತದಲ್ಲಿ ಸರಸಮ್ಮನವರು ಹೃದಯ ನಿಂತು ಹೋಗಿಬಿಟ್ಟರು. ಊರೆಲ್ಲ ಬಾಗಿಲು ಹಾಕಿಕೊಂಡಿದ್ದ ಕಾಲ. ಪುರೋಹಿತರು ಫೋನಿನ ಪರದೆಯಲ್ಲಿ ಮಂತ್ರ ಹೇಳಿದರು, ನಾವು ಮನೆಮನೆಗಳಿಂದ ಕೈ ಮುಗಿದೆವು. ಅಸ್ಥಿ ಒಂದು ಕರಿ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಚೀಟಿ ಅಂಟಿಸಿಕೊಂಡು ಬಂತು. ಮನೆಯೊಳಗೆ ತರುವಂತಿಲ್ಲ ಎಂದು ಬಿಳಿ ಪಂಚೆಯಲ್ಲಿ ಕಟ್ಟಿ ಹಿತ್ತಲ ನಿಂಬೆಗಿಡಕ್ಕೆ ತೂಗುಹಾಕಿದರು. ಶ್ರೀರಂಗಪಟ್ಟಣದಲ್ಲಿ ಬಿಡಬೇಕು, ಆದರೆ ವಿಮಾನವಿಲ್ಲ.

"ಉಪ್ಪಿನಕಾಯೀನೂ ಪ್ಲಾಸ್ಟಿಕ್ ಡಬ್ಬೀಲಿ ಇಟ್ಟವಳಲ್ಲ ಇವಳು" ಎಂದರು ನಂಜುಂಡಯ್ಯನವರು, ನಿಂಬೆಗಿಡ ನೋಡುತ್ತ. "ಆ ಬೀಚ್ ಹದಕ್ಕೆ ಬರಲಿ. ಒಂದು ಭರಣಿ ಕಡೀತೀನಿ. ಅದರಲ್ಲೇ ಕರ್ಕೊಂಡು ಹೋಗ್ತೀನಿ."

ಆ ಸೆಪ್ಟೆಂಬರಿನಲ್ಲಿ ಹಿಂದಿನ ಬೆಟ್ಟಕ್ಕೆ ಬೆಂಕಿ ಬಿತ್ತು. ಹಗಲಿಗೇ ಆಕಾಶ ಅರಿಶಿನ ಕದಡಿದ ಹಾಗಾಯಿತು. ಕಾರಿನ ಮೇಲೆ, ತುಳಸಿಯ ಮೇಲೆ, ನಿಂಬೆಗಿಡದ ಆ ಗಂಟಿನ ಮೇಲೆ ಬೂದಿ ಉದುರಿತು. ಬೂದಿಯ ಮೇಲೆ ಬೂದಿ. ನಂಜುಂಡಯ್ಯನವರು ತಡೆಯಲಾರದೆ ಗಂಟು ಬಿಚ್ಚಿ, ಡಬ್ಬಿಯನ್ನು ಗ್ಯಾರೇಜಿಗೆ ತಂದು ಡ್ರಮ್ಮಿನ ಪಕ್ಕದ ಶೆಲ್ಫಿನಲ್ಲಿಟ್ಟರು.

ನನ್ನ ತಾಯಿಗೆ ಇದು ಸರಿಬರಲಿಲ್ಲ. ಬೇಲಿಯ ಆಚೆಯಿಂದಲೇ ಕೇಳಿದಳು: "ಒಳಗೆ ತಂದುಬಿಟ್ರಾ ನಂಜುಂಡಯ್ಯನೋರೆ?"

"ಗ್ಯಾರೇಜು ಮನೆ ಅಲ್ಲ ಲಲಿತಮ್ಮ. ಅದಕ್ಕೆ ಬೇರೆ ಬೀಗ ಇದೆ."

"ಬೀಗ ಬೇರೆ ಆದ್ರೆ ಸೂರು ಬೇರೆ ಆಗತ್ಯೆ? ನೀರು ಕಾಣದ ಅಸ್ಥಿ ಒಂದೇ ಇರಲ್ಲ. ಜೊತೆಗೆ ಕರೆಯತ್ತೆ."

ಅವರು ನಕ್ಕರು. ನಕ್ಕಾಗ ಕೆಮ್ಮು ಬಂತು. ಆ ಕೆಮ್ಮನ್ನು ನಾನು ಕೇಳಿದ್ದು ಅದೇ ಮೊದಲು.

ವಿಮಾನಗಳು ಮತ್ತೆ ಹಾರತೊಡಗಿದವು. ಮಗಳು ಅನು ಕಡಲ ದಡದ ಊರಾದ ಕಾರ್ಲ್ಸ್‌ಬಾಡ್‌ನಿಂದ ಡ್ರೈವ್ ಮಾಡಿಕೊಂಡು ಬಂದು ಬಂದು ಹೇಳಿದಳು. ಇಲ್ಲೇ ಹುಟ್ಟಿದ ಹುಡುಗಿ. ಅಪ್ಪನ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಡ್ಯಾಡ್, ಪ್ಲೀಸ್. ಮಾಮ್ ಈಸ್ ಇನ್ ಎ ಗ್ಯಾರೇಜ್." ಅವರು ಡ್ರಮ್ಮಿನ ಮುಚ್ಚಳ ತೆಗೆದು, ದೊಡ್ಡ ತುಂಡನ್ನು ಕುಟ್ಟಿ, ಕಿವಿ ಕೊಟ್ಟು, ಪ್ರತಿ ಸಲವೂ ಅದೇ ಮಾತು: "ಇನ್ನೊಂದು ಚೂರು ಹದ ಬರಲಿ."

ಗ್ಯಾರೇಜಿಗೆ ಹೊಸದೊಂದು ವಾಸನೆ ಬಂದಿತ್ತು. ಮಳೆ ಬೀಳದ ಊರಿನಲ್ಲಿ ಮಳೆಗಾಲದ ಕೋಣೆಯ ವಾಸನೆ. ಡ್ರಮ್ಮಿನ ಅಂಚಿನಿಂದ ಬಿಳಿ ನೂಲಿನಂಥದ್ದು ಇಳಿದು ಶೆಲ್ಫಿನ ಹಲಗೆಗೆ ಹತ್ತಿತ್ತು. ಮೂಗು ಬಾಯಿ ಮುಚ್ಚುವ ದಪ್ಪ ಮಾಸ್ಕ್ ಗೋಡೆಯ ಮೊಳೆಗೆ ನೇತಾಡುತ್ತಿತ್ತು. "ಹಾಕ್ಕೊಳಿ ಸಾರ್" ಎಂದರೆ, "ಮಾಸ್ಕ್ ಹಾಕಿದ್ರೆ ಮರದ ವಾಸನೆ ಗೊತ್ತಾಗಲ್ಲಪ್ಪ. ವಾಸನೆ ನೋಡದೆ ಸಾರಿಗೆ ಉಪ್ಪು ಹಾಕ್ತಾರಾ?" ಎನ್ನುವರು.

ಒಂದು ಮಧ್ಯಾಹ್ನ ಬಾಗಿಲಿಗೆ ಟಕ್ ಟಕ್. ತೆಗೆದರೆ ನಂಜುಂಡಯ್ಯನವರು, ಮುಖದಲ್ಲಿ ರಕ್ತವಿಲ್ಲ. "ಸ್ವಲ್ಪ ಬಾ" ಎಂದರು. ಗ್ಯಾರೇಜಿನಲ್ಲಿ ದೊಡ್ಡ ತುಂಡು ಸೀಳಿ ಬಿದ್ದಿತ್ತು. ಅವರು ಹೆಬ್ಬೆರಳು ಒತ್ತಿದರು. ನೆನೆದ ಅವಲಕ್ಕಿಗೆ ಇಳಿದ ಹಾಗೆ ಬೆರಳು ಇಳಿದುಹೋಯಿತು.

"ಹದ ತಪ್ಪಿತಲ್ಲ ಸಾರ್. ಗೆಣ್ಣಿಗೆ ಗೊತ್ತಾಗ್ಲಿಲ್ವಾ?"

ಸ್ಟೂಲಿನ ಮೇಲೆ ಕೂತರು. ಶೆಲ್ಫಿನ ಕರಿ ಡಬ್ಬಿಯ ಕಡೆ ನೋಡದೆ ಹೇಳಿದರು: "ಹೋದ ವರ್ಷವೇ ಹದ ಬಂದಿತ್ತು. ಗೊತ್ತಾಗಿತ್ತು. ಸುಮ್ನಿದ್ದೆ. ಕಡೆದುಬಿಟ್ರೆ ಇವಳನ್ನ ಬಿಡಬೇಕಲ್ಲಪ್ಪ."

ನಾನು ಡ್ರಮ್ಮಿನೊಳಗೆ ಬಗ್ಗಿ ನೋಡಿದೆ. ತಳದಲ್ಲಿ ಅದಕ್ಕಿಂತ ಒಂಚೂರು ಸಣ್ಣ ತುಂಡು ಉಳಿದಿತ್ತು, ಅದು ಇನ್ನೂ ಗಟ್ಟಿ. ಅದನ್ನು ಒಣಗಿಸಿ, ಲೇತಿಗೆ ಸಿಕ್ಕಿಸಿ ಕಡೆದರು. ಬೀದಿಯ ತನಕ ಯಂತ್ರದ ಶಬ್ದ, ನಡುನಡುವೆ ಕೆಮ್ಮು. ಕರಿ ಗೆರೆಯ ಜಾಗದಿಂದ ಏಳುವ ಧೂಳು ಹಿಟ್ಟಿಗಿಂತ ನಯ, ಬಿಸಿಲ ಕೋಲಿನಲ್ಲಿ ಹೊಗೆಯ ಹಾಗೆ ನಿಲ್ಲುತ್ತಿತ್ತು. ಮಾಸ್ಕ್ ಮೊಳೆಯಲ್ಲೇ ಇತ್ತು.

ಭರಣಿ ಮಾತ್ರ ಅಂಥದ್ದನ್ನು ನಾನು ಕಂಡಿಲ್ಲ. ಬೆಣ್ಣೆ ಬಣ್ಣದ ಮೈ, ಸುತ್ತ ಕರಿ ಗೆರೆಗಳು, ಯಾರೂ ಹೋಗದ ದೇಶದ ನಕ್ಷೆಯಂತೆ. ಅದು ಮುಗಿಯುವ ಹೊತ್ತಿಗೆ ಅವರ ಮೂಗಿಗೆ ಆಕ್ಸಿಜನ್ ನಳಿಕೆ ಬಂದಿತ್ತು. ಶ್ವಾಸಕೋಶ ಗಟ್ಟಿಯಾಗುತ್ತಿದೆ ಎಂದರು ಡಾಕ್ಟರು. ಮರದ ಧೂಳಿನಿಂದಲೇ ಎನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ನನ್ನ ತಾಯಿ ಮಾತ್ರ ಬೇಲಿಯ ಕಡೆ ಹೋಗುವುದನ್ನೇ ಬಿಟ್ಟಳು.

ಕೊನೆಯ ಸಲ ನೋಡಿದಾಗ ಹಾಸಿಗೆಯಲ್ಲಿ ಒರಗಿ ಕೂತಿದ್ದರು. ಭರಣಿ ತೊಡೆಯ ಮೇಲೆ.

"ಕುಟ್ಟು" ಎಂದರು.

ಕುಟ್ಟಿದೆ. ಟಣ್ ಎಂದಿತು.

"ಇಬ್ಬರಿಗೂ ಸಾಲತ್ತೆ. ಅಳತೆ ನೋಡಿದೀನಿ." ಉಸಿರು ತೆಗೆದುಕೊಂಡು ಮತ್ತೆ ಹೇಳಿದರು: "ಅನುಗೆ ಹೇಳು, ತುಂಬಾ ದಿನ ಇಟ್ಕೋಬಾರದು. ಒಣಗಿಸಿದೀನಿ, ಆದ್ರೂ ಬೂಷ್ಟು ನಂಬೋ ಹಾಗಿಲ್ಲ. ಒದ್ದೆ ತಗುಲಿದ್ರೆ ಮತ್ತೆ ಹತ್ತತ್ತೆ."

ಆ ಚಳಿಗಾಲ ದಾಟಲಿಲ್ಲ. ಇನ್ನೊಂದು ಕರಿ ಡಬ್ಬಿ ಬಂತು. ಅನು ಎರಡನ್ನೂ ತಾನೇ ಭರಣಿಗೆ ತುಂಬಿ, ಮುಚ್ಚಳ ಹಾಕಿ, ಕಾರ್ಲ್ಸ್‌ಬಾಡ್‌ಗೆ ತೆಗೆದುಕೊಂಡು ಹೋದಳು. ಬೇಸಿಗೆಗೆ ಟಿಕೆಟ್ ಬುಕ್ ಮಾಡುತ್ತೇನೆ ಎಂದಳು. ಬೇಸಿಗೆ ಹೋಯಿತು. ಕೆಲಸ, ಆಮೇಲೆ ಮನೆ ರಿಪೇರಿ, ಆಮೇಲೆ ಮತ್ತೇನೋ.

ಮೊನ್ನೆ ಆ ಕಡೆ ಹೋದವನು ಅವಳ ಮನೆಗೆ ಹೋದೆ. ಸಮುದ್ರ ಎರಡು ಬೀದಿಯಾಚೆ. ಹೊತ್ತು ಏರಿದರೂ ಮಂಜು ಕರಗಿರಲಿಲ್ಲ, ಗ್ಯಾರೇಜಿನ ಗೋಡೆ ಮುಟ್ಟಿದರೆ ಕೈಗೆ ಪಸೆ. ಭರಣಿ ಶೆಲ್ಫಿನಲ್ಲಿತ್ತು. ಮುಚ್ಚಳ ಉಬ್ಬಿ ಕಚ್ಚಿಕೊಂಡಿತ್ತು. ಅದರ ಬುಡದ ಹಲಗೆಯಲ್ಲಿ ಬಿಳಿಯ ಒಂದು ಎಳೆ. ಭರಣಿಯನ್ನು ಎತ್ತಿಕೊಂಡು ಗೆಣ್ಣಿನಿಂದ ಕುಟ್ಟಿದೆ. ಟಣ್ ಎನ್ನಲಿಲ್ಲ. ದಬ್ ಎಂದಿತು.

"ಅನು, ಇದನ್ನ ಇನ್ನು ಇಡಬಾರದಮ್ಮ. ಈ ತಿಂಗಳೇ ಹೊರಡು, ನಾನೂ ಬರ್ತೀನಿ."

ಅವಳು ಭರಣಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ತಾನೂ ಒಮ್ಮೆ ಕುಟ್ಟಿದಳು, ಕಿವಿ ಕೊಟ್ಟಳು. ಅದನ್ನು ಮತ್ತೆ ಶೆಲ್ಫಿನಲ್ಲಿಟ್ಟು, ಆ ಬಿಳಿ ಎಳೆ ಕಾಣದಂತೆ ಒಳಕ್ಕೆ ಸರಿಸಿದಳು. ಹುಟ್ಟಿದಾಗಿನಿಂದ ನನಗೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ ಹುಡುಗಿ, ಅಪ್ಪಟ ಮೈಸೂರು ಕನ್ನಡದಲ್ಲಿ ಹೇಳಿದಳು:

"ಇನ್ನೊಂದು ಚೂರು ಹದ ಬರಲಿ, ಅಂಕಲ್."