ಬಂದಿಲ್ಲ ಎಂದು ನಾನು ಹೇಳಿದ ವರದಿಗಳು

ಕಲಘಟಗಿಯ ದನದ ತಳಿ ಸಂಸ್ಥೆಯ ಕಂಪ್ಯೂಟರಿನಲ್ಲಿದ್ದ ದಾಖಲೆಗಳೆಲ್ಲ ನೀಲಕ್ಕನ ಅಲಕ್ಷ್ಯದಿಂದ ಹೋದವು ಎಂದು ಜನ ಹೇಳುತ್ತಾರೆ. ಸಂಜೆ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಆಕೆ ನಕಲು ತೆಗೆಯುತ್ತಿರಲಿಲ್ಲ, ಹುಬ್ಬಳ್ಳಿಯ ಮುಖ್ಯ ಕಚೇರಿಗೆ ವರದಿಯನ್ನೂ ಕಳಿಸುತ್ತಿರಲಿಲ್ಲ — ಇದು ಕತೆ. ಈ ಕತೆಯನ್ನು ನಾನು ಒಪ್ಪುವುದಿಲ್ಲ. ಒಪ್ಪದಿರಲು ನನಗಿರುವಷ್ಟು ಆಧಾರ ಬೇರೆ ಯಾರಿಗೂ ಇಲ್ಲ, ಯಾಕೆಂದರೆ ಅದನ್ನು ಕಟ್ಟಿದವನು ನಾನೇ. ವರದಿಗಳು ಬರುತ್ತಿದ್ದವು. ದಿನವೂ ಬರುತ್ತಿದ್ದವು. ಓದುತ್ತಿದ್ದೆ. ಬಂದಿಲ್ಲ ಎಂದು ಹೇಳಿದೆ.

ಭಾನುವಾರ ಬೆಳಿಗ್ಗೆ ಟಿ.ವಿ. ಇದ್ದ ಮನೆಯ ಮುಂದೆ ಊರೇ ಸೇರುತ್ತಿದ್ದ ವರ್ಷಗಳವು. ನಮ್ಮ ಸಂಸ್ಥೆಗೆ ಯಾರೋ ದಾನಿಗಳು ಒಂದು ಕಂಪ್ಯೂಟರ್ ಕೊಟ್ಟಿದ್ದರು. ಯಾವ ಊರಿನ ಯಾರ ಆಕಳು, ಅದಕ್ಕೆ ಯಾವ ಹೋರಿಯ ಬೀಜ ಕೊಟ್ಟಿದ್ದೆವು, ಹುಟ್ಟಿದ ಕರು ಯಾವುದು — ಎಲ್ಲ ಅದರಲ್ಲಿ. ತಂಬೂರು ಎಂಬ ಒಂದೇ ಹಳ್ಳಿಯಲ್ಲಿ ಅರ್ಧ ಆಕಳುಗಳ ಹೆಸರು ಗೌರಿ. ಕಿವಿಯ ಬಿಲ್ಲೆಯ ನಂಬರು ನೋಡಿ ವಂಶ ತೆಗೆಯದಿದ್ದರೆ ತಂದೆಯ ಬೀಜವನ್ನೇ ಮಗಳಿಗೆ ಕೊಟ್ಟುಬಿಡುವ ಅಪಾಯವಿತ್ತು. ಕಂಪ್ಯೂಟರ್ ಬಂದ ಮೇಲೆ ಕಾಗದದ ಕಾರ್ಡು ಬರೆಯುವುದನ್ನು ನಿಲ್ಲಿಸಿದ್ದೆವು. ಕಲಘಟಗಿಯಲ್ಲಿ ಮಿಶನ್ನಿನ ಮುಂದೆ ಕೂತು ಇದನ್ನೆಲ್ಲ ಹೊಡೆಯುತ್ತಿದ್ದವಳು ನೀಲಕ್ಕ — ಮಿಶ್ರಿಕೋಟಿಯವಳು, ಟೈಪಿಂಗ್ ಪಾಸಾಗಿದ್ದವಳು, ನನಗಿಂತ ಐದಾರು ವರ್ಷ ದೊಡ್ಡವಳು. ನಾನು ಹುಬ್ಬಳ್ಳಿಯ ಕಚೇರಿಯಲ್ಲಿ ಕಂಪ್ಯೂಟರ್ ಬಲ್ಲ ಒಬ್ಬನೇ ಒಬ್ಬ. ಧಾರವಾಡದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ ಗೆದ್ದು, ಮೂರು ತಿಂಗಳ ಕೋರ್ಸು ಮಾಡಿ, ನೇರವಾಗಿ ಆ ಕುರ್ಚಿಗೆ ಬಂದಿದ್ದೆ.

ದಿನದ ಕೆಲಸ ಮುಗಿದ ಮೇಲೆ ದಾಖಲೆಗಳನ್ನು ಫ್ಲಾಪಿಗಳಿಗೆ ನಕಲು ಮಾಡಬೇಕು. ಅದು ಬ್ಯಾಕಪ್. ನಕಲು ಮಾಡುವ ಪ್ರೋಗ್ರಾಮು ತಾನು ಏನು ಮಾಡಿತು, ಎಲ್ಲಿ ಎಡವಿತು ಎಂದು ಒಂದು ವರದಿ ಬರೆಯುತ್ತದೆ. ಅದು ಲಾಗ್. ಆ ಲಾಗ್ ಅದೇ ಮಿಶನ್ನಿನಲ್ಲಿ ಉಳಿಯಕೂಡದು, ಹೊರಗೆ ಬರಬೇಕು ಎಂದು ಹಟ ಹಿಡಿದವನು ನಾನು. ಸಭೆಯಲ್ಲಿ ಕೇಳಿದ್ದೆ — ತಿಜೋರಿ ಒಡೆದರೆ ಅದರ ಪಂಚನಾಮೆಯನ್ನು ಅದೇ ತಿಜೋರಿಯಲ್ಲಿ ಇಡುತ್ತೀರೇನು? ಕಲಘಟಗಿ ಕೇಂದ್ರದ ಮುಖ್ಯಸ್ಥರಾದ ಪಾಟೀಲ ಕಾಕಾ ಕೈ ಮುಗಿದರು: “ಇವನ ಜೋಡಿ ವಾದಕ್ಕ ಕುಂತ್ರ ಆಕಳಾ ಹಾಲು ಕೊಡೂದು ಬಿಡ್ತಾವು. ಮಾಡ್ರಿ ಅವ ಹೇಳಿದಂಗ.”

ಹೇಳಿದಂತೆಯೇ ಆಯಿತು. ನಕಲು ಆಗಲಿ ಬಿಡಲಿ, ಪರದೆಯ ಮೇಲೆ ‘ಮುಗಿಯಿತು’ ಎಂಬ ಒಂದು ಮಾತು ಬಿಟ್ಟು ಏನೂ ಕಾಣದಂತೆ ಮಾಡಿದೆ. ವರದಿ ಪ್ರಿಂಟರಿಗೆ ಹೋಗುತ್ತಿತ್ತು. ನೀಲಕ್ಕ ಅದನ್ನು ಹರಿದು, ಲಕೋಟೆಗೆ ಹಾಕಿ, ಅಂಟಿಸಿ, ಹುಬ್ಬಳ್ಳಿ ಬಸ್ಸಿನ ಕಂಡಕ್ಟರನ ಕೈಗೆ ಕೊಡಬೇಕು. ಬೆಳಿಗ್ಗೆ ಅದು ನನ್ನ ಮೇಜಿಗೆ. ಓದಕೂಡದು, ತಿದ್ದಕೂಡದು, ಒಳಗಿನವರ ಕೈ ಅದಕ್ಕೆ ಸೋಂಕಲೇಕೂಡದು — ಇದು ನನ್ನ ನಿಯಮ. ಒಳಗಿನವರನ್ನು ಕಾಯಲು ಹೊರಗೊಬ್ಬ ಬೇಕು. ಸರಿ. ಹೊರಗಿನವನನ್ನು ಕಾಯುವವರು ಯಾರು? ಆ ಸಭೆಯಲ್ಲಿ ಒಬ್ಬರೂ ಕೇಳಲಿಲ್ಲ. ನಾನಂತೂ ಕೇಳಲಿಲ್ಲ, ಎದುರಾಳಿಗೆ ಹೊಳೆಯದ ಪ್ರಶ್ನೆಯನ್ನು ನಾನಾಗಿ ಎತ್ತುವುದು ನನ್ನ ಅಭ್ಯಾಸವಾಗಿರಲಿಲ್ಲ.

ಆ ವರ್ಷದ ಮಹಾನವಮಿಗೆ ಕಲಘಟಗಿಗೆ ಹೋಗಿದ್ದೆ. ಖಂಡೆ ಪೂಜೆ, ಅಂದರೆ ಆಯುಧ ಪೂಜೆ. ಜೀಪು, ಹಾಲಿನ ಕ್ಯಾನು, ದನದ ಡಾಕ್ಟರರ ಸೂಜಿ, ಎಲ್ಲಕ್ಕೂ ಕುಂಕುಮ, ಭಂಡಾರದ ಅರಿಸಿನ. ಕಂಪ್ಯೂಟರಿಗೂ ಚೆಂಡುಹೂವಿನ ಮಾಲೆ. ಅಷ್ಟಕ್ಕೇ ನಿಂತಿದ್ದರೆ ದೇವರನ್ನು ನಂಬದ ನಾನೂ ಸುಮ್ಮನಿರುತ್ತಿದ್ದೆನೇನೋ — ಇಲ್ಲ, ಇರುತ್ತಿರಲಿಲ್ಲ. ಆದರೆ ಪಾಟೀಲ ಕಾಕಾ ಊದಿನಕಡ್ಡಿ ಸಿಗಿಸಲು ಜಾಗ ಹುಡುಕಿದರು. ಮಿಶನ್ನಿನ ಮೈಯಲ್ಲಿ ಎಲ್ಲೂ ಸಂದಿಲ್ಲ. ಒಂದೇ ಸಂದು — ಫ್ಲಾಪಿ ಹಾಕುವ ಬಾಯಿ. ಅಲ್ಲಿ ಎರಡು ಕಡ್ಡಿ ಹೊತ್ತಿಸಿ ಸಿಗಿಸಿದರು.

“ಕಾಕಾ, ಅದರಾಗ ಬ್ಯಾಡ್ರಿ. ಬೂದಿ ಒಳಗ ಬಿದ್ರ ನಕಲು ತಗಿಯೂದ ನಿಂತುಬಿಡ್ತದ.”

“ಲೇ ತಮ್ಮಾ, ಟ್ರ್ಯಾಕ್ಟರಿಗಿ ಬೆಳಗೇವಿ, ಪಂಪಿಗಿ ಬೆಳಗೇವಿ, ಒಂದೂ ಸತ್ತಿಲ್ಲ. ನಿನ್ನ ಮಿಶನ್ನೇನು ಬಾಣಂತಿ ಏನು? ಏನಾಗ್ತದ ನೋಡೂಣು ಬಾ.”

ಎಲ್ಲರೂ ನಕ್ಕರು. ನೀಲಕ್ಕನೂ ಸೆರಗು ಬಾಯಿಗಿಟ್ಟು ನಕ್ಕಳು. ವಾದಕ್ಕೆ ವಾದ ಕೊಟ್ಟು ಸೋಲಿಸಿದ್ದರೆ ತಡೆದುಕೊಳ್ಳುತ್ತಿದ್ದೆ. ನಗು ಒಂದು ವಾದವೇ? — ನನಗೆ ಮೈ ಉರಿಯಿತು.

ಹಬ್ಬ ಕಳೆದು ಕಚೇರಿ ತೆರೆದ ಮರುದಿನದ ಲಕೋಟೆಯಲ್ಲೇ ಅದು ಇತ್ತು: ಬರೆಯಲಾಗಲಿಲ್ಲ, ಬರೆಯಲಾಗಲಿಲ್ಲ, ಬರೆಯಲಾಗಲಿಲ್ಲ. ಇದನ್ನು ಇದ್ದ ಹಾಗೆ ಹೇಳುತ್ತೇನೆ, ಮೆತ್ತಗೆ ಮಾಡುವುದಿಲ್ಲ: ನನಗೆ ಖುಷಿಯಾಯಿತು. ಒಂದು ಫೋನು ಸಾಕಿತ್ತು. ಫ್ಲಾಪಿ ಡ್ರೈವ್ ಬಿಚ್ಚಿ ಬೂದಿ ಒರೆಸಿದ್ದರೆ ಮುಗಿಯುತ್ತಿತ್ತು. ಆದರೆ ಒಂದೇ ವರದಿಯ ಚೀಟಿ ತೋರಿಸಿದರೆ ‘ಏನೋ ಒಂದು ದಿನ ಆಗಿರ್ತದ’ ಎನ್ನುತ್ತಾರೆ. ತಿಂಗಳ ಸಭೆಯವರೆಗೂ ಕೂಡಿಡೋಣ, ಕಟ್ಟು ಬಿಚ್ಚಿ ಕಾಕಾನ ಮುಂದೆ ಹರಡೋಣ ಎಂದುಕೊಂಡೆ. ಆ ತಿಂಗಳ ಸಭೆ ನಡೆಯಲಿಲ್ಲ. ಮುಂದಿನದರ ಹೊತ್ತಿಗೆ ಬೇರೆ ಪ್ರಶ್ನೆ ಹುಟ್ಟಿತ್ತು — ಇಷ್ಟು ದಿನ ಯಾಕೆ ಹೇಳಲಿಲ್ಲ? ಎದುರಾಳಿ ಕೇಳುವ ಮೊದಲೇ ನನಗೆ ಅದು ಕೇಳಿಸಿತು. ಚೀಟಿಗಳ ಕಟ್ಟನ್ನು ಮನೆಗೆ ಒಯ್ದು ಇಟ್ಟೆ.

ಈ ನಡುವೆ ಒಂದು ಮಧ್ಯಾಹ್ನ ನೀಲಕ್ಕನೇ ಟ್ರಂಕ್ ಕಾಲ್ ಹಚ್ಚಿದಳು.

“ಸರ, ಚೀಟಿ ಮೊದಲಿನಂಗ ಕಾಣವಲ್ದ್ರಿ. ಮೊದಲ ಎರಡ ಸಾಲು ಬರ್ತಿತ್ತು, ಈಗ ಉದ್ದ ಬರಾಕತ್ತೇದ. ಏನರ ಆಗೇದೇನ್ರಿ?”

ದೇವರನ್ನು ನಂಬುವವನಾಗಿದ್ದರೆ ಅದನ್ನು ದೇವರೇ ಕೊಟ್ಟ ಅವಕಾಶ ಎನ್ನುತ್ತಿದ್ದೆ. ನಂಬುವುದಿಲ್ಲ, ನೀಲಕ್ಕ ಕೊಟ್ಟ ಅವಕಾಶ ಅದು.

“ಅದನ್ನ ನೋಡೂದು ನಿಮ್ಮ ಕೆಲಸಲ್ಲ ಅಂತ ಹೇಳಿಲ್ಲೇನ್ರಿ ನೀಲಕ್ಕಾ? ಹರದು ಕಳಸ್ರಿ, ಸಾಕು.”

“ಹೂನ್ರಿ ಸರ. ತಪ್ಪಾತ್ರಿ.”

ತಪ್ಪಾಯಿತು ಎಂದವಳು ಆಕೆ.

ಬೇಸಿಗೆ ಶುರುವಾಗುವ ಹೊತ್ತಿಗೆ ಕರೆಂಟಿನ ಏರಿಳಿತಕ್ಕೆ ಸಿಕ್ಕು ಕಂಪ್ಯೂಟರಿನ ಒಳಗಿನ ಡಿಸ್ಕು ಕಿರಗುಟ್ಟಿ ನಿಂತಿತು. ಫ್ಲಾಪಿಗಳನ್ನು ಹುಬ್ಬಳ್ಳಿಗೆ ತಂದು ನೋಡಿದರೆ ಒಂದರಲ್ಲೂ ಓದುವಂಥದ್ದಿಲ್ಲ. ಅವೇ ಫ್ಲಾಪಿಗಳ ಮೇಲೆ ಸರದಿಯಂತೆ ಬರೆಸುತ್ತಿದ್ದೆವು. ಹಬ್ಬದ ಮೊದಲಿನ ಒಳ್ಳೆಯ ನಕಲುಗಳನ್ನೂ ಅರ್ಧಕ್ಕೇ ಕೆಟ್ಟು ನಿಂತ ಬರಹ ತಿಂದುಹಾಕಿತ್ತು. ಹಳ್ಳಿಹಳ್ಳಿಯ ಆಕಳುಗಳ ವಂಶವೆಲ್ಲ ಹೋಯಿತು. ಸಂಸ್ಥೆಯ ಕಾರ್ಯದರ್ಶಿಗಳು ಕಲಘಟಗಿಯಲ್ಲಿ ವಿಚಾರಣೆ ಇಟ್ಟರು. ಹೊರಡುವ ಮುಂಚೆ ನಾನು ಆ ಚೀಟಿಗಳ ಕಟ್ಟನ್ನು ಬಚ್ಚಲದ ಒಲೆಗೆ ಹಾಕಿದೆ. ನೀರು ಕಾಯಿತು. ಸ್ನಾನ ಮಾಡಿಯೇ ಹೋದೆ.

ಕಾರ್ಯದರ್ಶಿಗಳು ಕೇಳಿದ್ದು ಒಂದೇ ಪ್ರಶ್ನೆ: “ವರದಿ ಬರ್ತಿದ್ವೇನಪಾ?”

“ಇಲ್ರಿ. ಹಬ್ಬ ಆದಮ್ಯಾಲ ಒಂದೂ ಬಂದಿಲ್ರಿ.”

ದಿನಾ ಬಸ್ಸಿಗೆ ಕೊಟ್ಟೇನ್ರಿ ಎಂದಳು ನೀಲಕ್ಕ. ಯಾವ ಕಂಡಕ್ಟರ್ ಎಂದರು. ದಿನಕ್ಕೊಬ್ಬರು ಇರ್ತಾರ್ರಿ ಎಂದಳು. ರಸೀದಿ? ಬಸ್ಸಿಗೆ ಕೊಟ್ಟ ಲಕೋಟೆಗೆ ಯಾರು ರಸೀದಿ ಕೊಡುತ್ತಾರೆ — ನಾನು ಮಾಡಿದ ಏರ್ಪಾಟಿನ ಆ ಸಡಿಲ ಕೊಂಡಿ ನನಗೆ ಚೆನ್ನಾಗಿ ಗೊತ್ತಿತ್ತು. ಅದರ ಮೇಲೆಯೇ ನಿಂತಿದ್ದೆ. ಪಾಟೀಲ ಕಾಕಾ ಕೂಡ ಅಲ್ಲೇ ಕೂತಿದ್ದರು. ಅವರಿಗೆ ಊದಿನಕಡ್ಡಿ ನೆನಪಾಯಿತೋ ಇಲ್ಲವೋ, ನಾನಂತೂ ನೆನಪಿಸಲಿಲ್ಲ. ನೆನಪಿಸಿದರೆ ‘ನಿನಗೆ ಹೇಗೆ ಗೊತ್ತು’ ಎಂಬ ಮಾತು ಬರುತ್ತಿತ್ತು. ಯಾವ ವಾದ ಗೆಲ್ಲಬೇಕೆಂದು ಇಷ್ಟೆಲ್ಲ ಮಾಡಿದೆನೋ ಆ ವಾದವನ್ನು ನನಗೆ ಬಾಯಿಯಿಂದ ಹೊರಗೇ ತರಲಾಗಲಿಲ್ಲ. ಆ ವಾರವೇ ನೀಲಕ್ಕನನ್ನು ಕೆಲಸದಿಂದ ತೆಗೆದರು.

ಆಕೆ ಈಗ ಮಿಶ್ರಿಕೋಟಿಯ ಬಾಲವಾಡಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಬೇರೆ ಎರಡು ಕಡೆ ಟೈಪಿಂಗ್ ಕೆಲಸಕ್ಕೆ ಕೇಳಿದಳಂತೆ. ಕಂಪ್ಯೂಟರ್ ಕೆಡಿಸಿದಾಕಿ ಎಂದು ವಾಪಸು ಕಳಿಸಿದರಂತೆ.

ಈಗ ಕೆಲವರು ಇದನ್ನು ಓದಿ ಹೇಳುವುದು ನನಗೆ ಗೊತ್ತಿದೆ. ನೋಡಿದಿರಾ, ದೇವರಿಲ್ಲ ಎನ್ನುವವನೇ ಸುಳ್ಳ. ಪೂಜೆಯ ತಪ್ಪೇನೂ ಇಲ್ಲ ಎನ್ನುತ್ತಾರೆ. ಹಾಗೆ ಹೇಳಲು ನಾನು ಬಿಡುವುದಿಲ್ಲ. ಬೂದಿ ಬಿದ್ದದ್ದು ನಿಜ, ಅದರಿಂದ ಕೆಟ್ಟದ್ದು ನಿಜ. ನಾನು ಮುಚ್ಚಿಟ್ಟದ್ದು ನಿಜ. ಒಂದು ನಿಜ ಇನ್ನೊಂದರ ಸಾಲ ತೀರಿಸುವುದಿಲ್ಲ. ಇನ್ನು ಕೆಲವರು, ಹುಡುಗ, ವಯಸ್ಸು ಅಂಥದು ಎನ್ನುತ್ತಾರೆ. ಅದೂ ಬೇಡ. ಆ ವಯಸ್ಸಿನಲ್ಲೇ ನಾನು ಇಡೀ ಸಭೆಯ ಬಾಯಿ ಮುಚ್ಚಿಸಿದ್ದೆ. ಬುದ್ಧಿ ಆಗ ಇತ್ತು, ತಪ್ಪು ಮಾಡುವಾಗ ಇರಲಿಲ್ಲ ಎಂದರೆ ಯಾರು ನಂಬಬೇಕು?

ಹೋದ ತಿಂಗಳು ಕಾರ್ಯದರ್ಶಿಗಳ ಮನೆಗೆ ಹೋಗಿ ಎಲ್ಲ ಹೇಳಿದೆ. ಚಹಾ ಕೊಟ್ಟರು. ಆಗಿದ್ದು ಆಗಿಹೋಯಿತು, ಕೆದಕಬೇಡ, ನಿನ್ನ ಹೆಸರೂ ಕೆಡುತ್ತದೆ, ಸಂಸ್ಥೆಯದೂ ಕೆಡುತ್ತದೆ ಎಂದರು. ಕೆಟ್ಟಿರುವ ಹೆಸರು ನೀಲಕ್ಕನದು, ಅದರ ಮಾತು ಆಡಿರಿ ಎಂದೆ. ಆಡಲಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ. ವಾರ್ಷಿಕ ಸಭೆಯಲ್ಲೂ ಎದ್ದು ನಿಂತು ಹೇಳುತ್ತೇನೆ, ಹಿಡಿದು ಕೂಡ್ರಿಸಿದರೂ ಮತ್ತೆ ಏಳುತ್ತೇನೆ.

ನೀಲಕ್ಕಾ, ಕ್ಷಮೆ ಕೇಳಲು ಇದನ್ನು ಬರೆದಿಲ್ಲ, ನೀವು ಅದನ್ನು ಕೊಡಬೇಕಾದ್ದೂ ಇಲ್ಲ. ಆದರೆ ವಿಚಾರಣೆಯ ದಿನ, ನಾನು ಸುಳ್ಳು ಹೇಳಿದ ಮೇಲೆ, ನೀವು ಬಹಳ ಹೊತ್ತು ನನ್ನನ್ನೇ ನೋಡಿದಿರಿ. ‘ಫೋನು ಮಾಡಿ ಕೇಳಿದ್ದೆ, ಬೈದು ಇಟ್ಟರು’ ಎಂದು ಒಂದು ಮಾತು ಎತ್ತಿದ್ದರೆ ನಾನು ಅಲ್ಲೇ ಮುಗಿಯುತ್ತಿದ್ದೆ. ನೀವು ಎತ್ತಲಿಲ್ಲ. ಭಯವೇ? ಮರೆವೇ? ಎರಡೂ ಅಲ್ಲ ಎಂದು ನನಗೆ ಅನಿಸುತ್ತದೆ. ಅಷ್ಟು ಹೊತ್ತು — ನಾನಾಗಿಯೇ ಹೇಳಲಿ ಎಂದು ಕಾಯುತ್ತಿದ್ದಿರೇನು?