ನೆಟಿಗೆ ತೆಗೆಯುವ ಕೈ

ದೊಡ್ಡಣ್ಣನ ಅಂಗಡಿಯಲ್ಲಿ ಕ್ಷೌರ ಮಾಡಿಸಿಕೊಂಡವರು ಹಾಗೇ ಎದ್ದು ಹೋದದ್ದಿಲ್ಲ. ಮೈಮೇಲಿನ ಕೂದಲು ಕೊಡವಿ, ಕೊನೆಗೆ ಅವನು ಅವರ ಒಂದೊಂದೇ ಬೆರಳು ಹಿಡಿದು ಟಕ್ಕೆಂದು ಎಳೆಯುತ್ತಿದ್ದ. ಹತ್ತೂ ನೆಟಿಗೆ ಬೀಳದೆ ಅವನಿಗೆ ಸಮಾಧಾನವಿಲ್ಲ. ಕೈ ಉಳುಕಿದೆ ಅಂತ ಬಂದವರಿಗೂ ಅದೇ ಮದ್ದು. ಮೂವತ್ತು ವರ್ಷ ಜನ ವಾಸಿಯಾಯಿತು ಅಂದರು, ಇವನೂ ನಂಬಿದ. ಹೊಗಳಿಕೆ ಯಾರಿಗೆ ಬೇಡ ಹೇಳಿ?

ಕತ್ತಿಯ ಮಾತು ಬಂದರೆ ಮಾತ್ರ ತಮ್ಮನದೇ ಎತ್ತಿದ ಕೈ. ಅಪ್ಪ ಹೋದ ಮೇಲೆ ದೊಡ್ಡಣ್ಣನೇ ಸಾಕಿ ಕೆಲಸ ಕಲಿಸಿದ ತಮ್ಮ. ಕಿರುಬೆರಳನ್ನು ಕತ್ತಿಯ ಹಿಂತುದಿಯ ಬಾಗಿದ ಬಾಲದ ಮೇಲಿಟ್ಟು ಗಡ್ಡ ಹೆರೆಯುತ್ತಿದ್ದರೆ ಗಿರಾಕಿ ಕೂತಲ್ಲೇ ತೂಕಡಿಸುತ್ತಿದ್ದ. ಅಣ್ಣನ ಕಣ್ಣು ಮಂಜಾದ ಮೇಲಂತೂ ಕತ್ತಿಯ ಕೆಲಸವೆಲ್ಲ ಅವನದೇ.

ಒಂದು ಬೆಳಿಗ್ಗೆ ಅಂಗಡಿಯ ಷಟರ್ ಎತ್ತುವಾಗ ಅದು ಜಾರಿ ತಮ್ಮನ ಬಲಗೈ ಮೇಲೆ ಬಿತ್ತು. ಅಂಗೈಯ ಹಿಂಭಾಗ ಬನ್ನಿನ ಹಾಗೆ ಊದಿಕೊಂಡು ನೀಲಿಗಟ್ಟಿತು. ಮುಷ್ಟಿ ಹಿಡಿದರೆ ಕಿರುಬೆರಳಿನ ಗೆಣ್ಣು ಕಾಣಿಸಲೇ ಇಲ್ಲ, ಬೆರಳು ಪಕ್ಕದ್ದರ ಕೆಳಗೆ ನುಸುಳಿತು. ದೊಡ್ಡಣ್ಣ ಇದನ್ನೆಲ್ಲ ನೋಡಿದ. ನೋಡಿಯೂ ಅವನು ಕೇಳಿದ್ದು ಒಂದೇ.

"ಬೆರಳು ಆಡಿಸು."

ತಮ್ಮ ಹಲ್ಲು ಕಚ್ಚಿ ಆಡಿಸಿದ.

"ಆಡ್ತಿದೆಯಲ್ಲ, ಮತ್ತೆ? ಮುರಿದಿಲ್ಲ ಬಿಡು."

"ಭಾವ, ಒಂದು ಎಕ್ಸ್‌ರೇ ತೆಗೆಸೋಣ," ಅಂದಳು ತಮ್ಮನ ಹೆಂಡತಿ.

"ನಾನು ಇಲ್ವೇನಮ್ಮ?"

ದೊಡ್ಡಣ್ಣ ಎಣ್ಣೆ ಸವರಿ ಬೆರಳನ್ನು ಎಳೆದ. ಒಳಗೆ ಏನೋ ಕಟಕಟ ಅಂತು. ಜಾಗಕ್ಕೆ ಬಂತು ಅಂತ ಹಿಗ್ಗಿದ, ಪುಣ್ಯಾತ್ಮ. ದಿನಾ ತಿಕ್ಕಿದ, ದಿನಾ ಎಳೆದ. ನಾಲ್ಕು ವಾರಕ್ಕೆ ಊತ ಇಳಿಯಿತು, ಆದರೆ ಕತ್ತಿ ಹಿಡಿದರೆ ಕಿರುಬೆರಳು ಬಾಲದ ಮೇಲೆ ಕೂರದೆ ಒಳಕ್ಕೆ ತಿರುಗಿಕೊಳ್ಳುತ್ತಿತ್ತು. ಆಗ ಮೂವರೂ ಆಸ್ಪತ್ರೆಗೆ ಹೋದರು.

ಡಾಕ್ಟರಮ್ಮ ಮುಷ್ಟಿ ಹಿಡಿಸಿ ನೋಡಿ, ಎಕ್ಸ್‌ರೇ ತರಿಸಿದರು. ಕಿರುಬೆರಳಿನ ಬುಡದ ಮೂಳೆ ಅಂಗೈಯೊಳಗೆ ಮುರಿದು, ತಿರುಚಿಕೊಂಡೇ ಕೂಡಿತ್ತು.

"ಮುರಿದ ಬೆರಳೂ ಆಡುತ್ತೆ ಕಣ್ರೀ. ಗೆಣ್ಣು ಕುಸಿದಿತ್ತಾ, ಮಡಿಸಿದಾಗ ಬೆರಳು ಸೊಟ್ಟ ಹೋಗ್ತಿತ್ತಾ, ಅದನ್ನ ನೋಡಬೇಕು. ಅಲ್ಲಾಡದ ಹಾಗೆ ಕಟ್ಟಿ, ಬಟ್ಟೆಯಲ್ಲಿ ಐಸ್ ಸುತ್ತಿಟ್ಟು, ಕೈ ಮೇಲೆತ್ತಿಕೊಂಡು ಅವತ್ತೇ ಬಂದಿದ್ರೆ ಸರಿಯಾಗಿ ಕೂಡಿಸಬಹುದಿತ್ತು. ಇದನ್ನ ಎಳೆದೋರು ಯಾರು?"

ದೊಡ್ಡಣ್ಣ ಬಾಯಿ ತೆರೆದ.

"ನಾನೇ ಎಳ್ಕೊಂಡೆ ಡಾಕ್ಟ್ರೇ," ಅಂದ ತಮ್ಮ.

ದೊಡ್ಡಣ್ಣ ತೆರೆದ ಬಾಯಿ ಮುಚ್ಚಿಕೊಂಡ. ತಮ್ಮನ ಹೆಂಡತಿ ಭಾವನ ಮುಖವನ್ನೇ ನೋಡುತ್ತಿದ್ದಳು. ಅವನು ಗೋಡೆ ನೋಡಿದ.

ಮೂಳೆಯನ್ನು ಕತ್ತರಿಸಿ, ತಂತಿ ಹಾಕಿ ಮತ್ತೆ ಕೂಡಿಸಿದರು. ಬೆರಳು ನೇರವಾಯಿತು, ಆದರೆ ಬಿಗಿದುಕೊಂಡಿತು. ತಿಂಗಳುಗಟ್ಟಲೆ ವ್ಯಾಯಾಮ ಮಾಡಿದರೂ ಮಡಿಸಲು ಬರಲಿಲ್ಲ.

ಕೊನೆಗೊಂದು ದಿನ ದೊಡ್ಡಣ್ಣ ತಾನೇ ಕುರ್ಚಿಯಲ್ಲಿ ಕೂತು, ಕೆನ್ನೆಗೆ ನೊರೆ ಹಚ್ಚಿಕೊಂಡು ಕತ್ತೆತ್ತಿದ. "ಮಾಡು."

ತಮ್ಮ ಕತ್ತಿ ಹಿಡಿದ. ಎರಡನೇ ಎಳೆತಕ್ಕೇ ಹಿಡಿ ಜಾರಿ, ಗಂಟಲ ಹತ್ತಿರ ರಕ್ತ ಕಂಡಿತು. ದೊಡ್ಡಣ್ಣ ಮಿಸುಕಲಿಲ್ಲ. ಇನ್ನಷ್ಟು ಆಳಕ್ಕೆ ಹೋಗಿದ್ದರೂ ಮಿಸುಕುತ್ತಿರಲಿಲ್ಲವೇನೋ. ತಮ್ಮ ಕತ್ತಿ ಒರೆಸಿ, ಮಡಿಚಿ, ಅಣ್ಣನ ತೊಡೆಯ ಮೇಲಿಟ್ಟ.

"ಉಳಿದಿದ್ದು ನೀನೇ ಮಾಡ್ಕೋ ಅಣ್ಣ."

ಅವತ್ತೇ ಮಧ್ಯಾಹ್ನ ಬಂದ ಹಳೇ ಗಿರಾಕಿಯೊಬ್ಬ ಕ್ಷೌರ ಮುಗಿದ ಮೇಲೆ ವಾಡಿಕೆಯಂತೆ ಎರಡೂ ಕೈ ಮುಂದೆ ಚಾಚಿದ. ದೊಡ್ಡಣ್ಣ ಆ ಬೆರಳುಗಳನ್ನು ಮುಟ್ಟಲಿಲ್ಲ.

"ಯಾಕಪ್ಪ, ನೆಟಿಗೆ ತೆಗೆಯಲ್ವಾ ಇವತ್ತು?"

"ನಮ್ಮ ತಮ್ಮನ ಬೆರಳು ಎಳೆದಿದ್ದು ನಾನು," ಅಂದ ದೊಡ್ಡಣ್ಣ.

ಗಿರಾಕಿಗೆ ತಲೆಬುಡ ತಿಳಿಯಲಿಲ್ಲ. ಮೂಲೆಯಲ್ಲಿ ತಮ್ಮ ಎಡಗೈಯಲ್ಲಿ ಪೊರಕೆ ಹಿಡಿದು ಕೂದಲು ಗುಡಿಸುತ್ತಿದ್ದ. ಒಂದು ಗಳಿಗೆ ನಿಂತ, ಆಮೇಲೆ ಮತ್ತೆ ಗುಡಿಸತೊಡಗಿದ.